ಫ್ಲ್ಯಾಟ್ ಕೊಡುತ್ತೇನೆ, ಮಗಳ ಜೀವನಾಂಶ ಕೇಳಬೇಡ ಎಂಬ ಕರಾರಿಗೆ ಸಹಿ ಹಾಕಬಹುದೇ?

ಪ್ರಶ್ನೆ: ವರದಾತೀರ

ನಮ್ಮ ಮದುವೆ ಹಾವೇರಿಯಲ್ಲಿ ಹಿಂದೂ ಸಂಪ್ರದಾಯದಂತೆ ನಡೆಯಿತು. ಸಂಸಾರ ಹೂಡಿದ್ದು ಹುಬ್ಬಳ್ಳಿಯಲ್ಲಿ. ಎಂಟು ವರ್ಷದ ಮಗಳಿದ್ದಾಳೆ. ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ನಾನು ಅವಳೊಂದಿಗೆ ತವರಿನಲ್ಲಿದ್ದೇನೆ. ಹಿರಿಯರು ಕೂಡಿಸಿ ಮಾತನಾಡಿಸಿದರೂ ಹೊಂದಾಣಿಕೆ ಆಗಲಿಲ್ಲ. ಈಗ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಇಬ್ಬರೂ ಸಿದ್ಧರಿದ್ದೇವೆ.

ಹುಬ್ಬಳ್ಳಿಯ ಫ್ಲ್ಯಾಟ್ ಇಬ್ಬರ ಹೆಸರಿನಲ್ಲಿದೆ, ಸಾಲವೂ ಜಂಟಿಯಾಗಿದೆ, ಕಂತನ್ನು ಹೆಚ್ಚಾಗಿ ನನ್ನ ಗಂಡನೇ ಕಟ್ಟಿದ್ದಾರೆ. ನನ್ನ ಮದುವೆಯ ಒಡವೆಗಳು ಅತ್ತೆಯವರ ಲಾಕರಿನಲ್ಲಿವೆ. ಗಂಡನ ಮನೆತನದ ಜಮೀನು ಇನ್ನೂ ಪಾಲಾಗಿಲ್ಲ. ನಾನು ಖಾಸಗಿ ಶಾಲೆಯ ಶಿಕ್ಷಕಿ. ನನ್ನ ಸಂಬಳ ಅವರದರ ಕಾಲು ಭಾಗವೂ ಆಗುವುದಿಲ್ಲ.

ಫ್ಲ್ಯಾಟಿನ ತಮ್ಮ ಪಾಲನ್ನು ನನಗೆ ಬಿಟ್ಟುಕೊಡುವುದಾಗಿಯೂ, ಅದಕ್ಕೆ ಪ್ರತಿಯಾಗಿ ನಾನಾಗಲಿ ಮಗಳಾಗಲಿ ಮುಂದೆ ಏನನ್ನೂ ಕೇಳುವುದಿಲ್ಲವೆಂದು ಬರೆದುಕೊಡಬೇಕೆಂದೂ ಅವರು ಹೇಳುತ್ತಿದ್ದಾರೆ. ತವರಿನವರು ಸಹಿ ಹಾಕಿ ಮುಗಿಸು ಎನ್ನುತ್ತಾರೆ. ಮಗಳ ಪರವಾಗಿ ಹಾಗೆ ಬರೆದುಕೊಡಲು ನನಗೆ ಮನಸ್ಸು ಒಪ್ಪುತ್ತಿಲ್ಲ. ಕಾನೂನು ಏನು ಹೇಳುತ್ತದೆ?

ಉತ್ತರ: ಧಾರವಾಡದ ವಕೀಲ

ಸಹಿ ಹಾಕಬೇಡಿ. ನಿಮ್ಮ ಸ್ವಂತ ಜೀವನಾಂಶವನ್ನು ಒಂದೇ ಗಂಟಿನಲ್ಲಿ ಪಡೆದು ಮುಗಿಸಿಕೊಳ್ಳುವ ಸ್ವಾತಂತ್ರ್ಯ ನಿಮಗಿದೆ. ಆದರೆ ಮಗಳ ಜೀವನಾಂಶ ಮಗಳ ಸ್ವಂತ ಹಕ್ಕು. ತಂದೆ ತಾಯಿ ಮಾತನಾಡಿಕೊಂಡು ಅದನ್ನು ತೊರೆಯಲು ಬರುವುದಿಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಮು ಮಕ್ಕಳನ್ನು ಪೋಷಿಸುವ ಹೊಣೆಯನ್ನು ಇಬ್ಬರ ಮೇಲೂ ಹೊರಿಸುತ್ತದೆ, ಮತ್ತು ತನ್ನ ಆದಾಯ ಅಥವಾ ಆಸ್ತಿಯಿಂದ ಬದುಕಲಾಗದ ಅವಿವಾಹಿತ ಮಗಳ ವಿಷಯದಲ್ಲಿ ಆ ಹೊಣೆ ಹದಿನೆಂಟು ವರ್ಷಕ್ಕೆ ನಿಲ್ಲುವುದಿಲ್ಲ. ನೀವು ಬರೆದುಕೊಟ್ಟರೂ ಆಕೆ ನಾಳೆ ಕೇಳಬಹುದು. ಆದರೆ ಆ ಕಾಗದ ಮುಂದೆ ಹಿಡಿದು ನಿಮ್ಮನ್ನು ಅಲೆಸುವವರು ಇರುತ್ತಾರೆ; ಅದು ಹುಟ್ಟದಿರುವುದೇ ಒಳ್ಳೆಯದು.

ಆಸ್ತಿಯ ವಿಷಯದಲ್ಲಿ ಜನರಲ್ಲಿ ದೊಡ್ಡ ತಪ್ಪು ಕಲ್ಪನೆಯಿದೆ. ವಿಚ್ಛೇದನವಾದರೆ ಗಂಡನ ಆಸ್ತಿಯಲ್ಲಿ ಅರ್ಧ ಬರುತ್ತದೆ ಎಂಬ ನಿಯಮ ನಮ್ಮಲ್ಲಿ ಇಲ್ಲ. ಪಕ್ಕದ ಗೋವಾದಲ್ಲಿ ಪೋರ್ಚುಗೀಸರ ಕಾಲದ ನಾಗರಿಕ ಸಂಹಿತೆಯಂತೆ ದಂಪತಿಯ ಆಸ್ತಿ ಸಾಮಾನ್ಯವಾಗಿ ಜಂಟಿ. ಕರ್ನಾಟಕದಲ್ಲಿ ಆಸ್ತಿ ಯಾರ ಹೆಸರಿನಲ್ಲಿದೆಯೋ, ಯಾರ ಹಣದಿಂದ ಬಂದಿದೆಯೋ ಅದರ ಮೇಲೆ ನಿರ್ಧಾರವಾಗುತ್ತದೆ. ಹಿಂದೂ ವಿವಾಹ ಕಾಯ್ದೆಯ 27ನೇ ಕಲಮು ಮದುವೆಯ ಹೊತ್ತಿನಲ್ಲಿ ಇಬ್ಬರಿಗೂ ಸೇರಿ ಬಂದ ಉಡುಗೊರೆಗಳಿಗೆ ಮಾತ್ರ ಸಂಬಂಧಿಸಿದ್ದು. ನಿಮ್ಮ ಫ್ಲ್ಯಾಟಿಗೆ ಸ್ವತ್ತು ವರ್ಗಾವಣೆ ಕಾಯ್ದೆಯ 45ನೇ ಕಲಮು ಅನ್ವಯಿಸುತ್ತದೆ: ಯಾರು ಎಷ್ಟು ಹಣ ಹಾಕಿದರೆಂಬುದಕ್ಕೆ ಪುರಾವೆ ಇದ್ದರೆ ಆ ಪ್ರಮಾಣದಲ್ಲಿ, ಇಲ್ಲದಿದ್ದರೆ ಸಮಪಾಲೆಂದು ಭಾವಿಸಲಾಗುತ್ತದೆ. ಅವರೇ ಹೆಚ್ಚು ಕಂತು ಕಟ್ಟಿರುವುದರಿಂದ, ನಿಮ್ಮ ಕೊಡುಗೆಯ ಬ್ಯಾಂಕ್ ದಾಖಲೆಗಳನ್ನು ಈಗಲೇ ತೆಗೆದಿಟ್ಟುಕೊಳ್ಳಿ.

ಒಡವೆಗಳು ಸ್ತ್ರೀಧನ. ಯಾರ ಲಾಕರಿನಲ್ಲಿದ್ದರೂ ಒಡತಿ ನೀವೇ. ಗಂಡನಾಗಲಿ ಅತ್ತೆಯಾಗಲಿ ಅದನ್ನು ಇಟ್ಟುಕೊಂಡವರು ಮಾತ್ರ ಎಂದು ಸುಪ್ರೀಂ ಕೋರ್ಟ್ 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿಯೇ ಹೇಳಿದೆ. ಮದುವೆಯ ಫೋಟೋ, ಅಂಗಡಿಯ ರಸೀದಿ, ತೂಕದ ಪಟ್ಟಿ ಸಿದ್ಧಪಡಿಸಿ. ಫ್ಲ್ಯಾಟಿನ ಚೌಕಾಸಿಯಲ್ಲಿ ಒಡವೆಯನ್ನು ಸೇರಿಸಲು ಬಿಡಬೇಡಿ.

ಇನ್ನು ಕಾಲಾವಧಿ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಮೊದಲ ಅರ್ಜಿಯ ನಂತರ ಆರು ತಿಂಗಳು ಕಾಯಬೇಕು, ಹದಿನೆಂಟು ತಿಂಗಳೊಳಗೆ ಎರಡನೆಯ ಹಂತಕ್ಕೆ ಬರಬೇಕು. ಪ್ರತ್ಯೇಕ ವಾಸ ಸಾಕಷ್ಟು ದೀರ್ಘವಾಗಿದ್ದು, ರಾಜಿಯ ಯತ್ನ ಫಲಿಸದೆ, ಜೀವನಾಂಶ ಮತ್ತು ಮಗುವಿನ ವಿಷಯ ಪೂರ್ತಿ ಇತ್ಯರ್ಥವಾಗಿದ್ದರೆ ನ್ಯಾಯಾಲಯ ಆ ಆರು ತಿಂಗಳನ್ನು ಮನ್ನಾ ಮಾಡಬಹುದೆಂದು 2017ರ ಅಮರ್‌ದೀಪ್ ಸಿಂಗ್ ತೀರ್ಪಿನಲ್ಲಿದೆ. ಡಿಕ್ರಿ (ವಿಚ್ಛೇದನ ಕೊಡುವ ನ್ಯಾಯಾಲಯದ ಆದೇಶ) ಆಗುವವರೆಗೆ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ಹಿಂಪಡೆಯಬಹುದು ಎಂಬುದನ್ನು ಮರೆಯಬೇಡಿ. ಆದ್ದರಿಂದ ಮೊದಲ ಹಂತದಲ್ಲಿ ಒಡವೆ, ಎರಡನೆಯ ಹಂತಕ್ಕೆ ಮುನ್ನ ಫ್ಲ್ಯಾಟಿನ ನೋಂದಣಿ ಎಂಬಂತೆ ಕೊಡುಕೊಳ್ಳುವಿಕೆಯನ್ನು ಹಂತಹಂತವಾಗಿ ಬರೆಸಿಕೊಳ್ಳಿ.

ಉತ್ತರ: ಗೃಹಸಾಲ ವಿಭಾಗ

ನಾನು ಬ್ಯಾಂಕಿನಲ್ಲಿ ಗೃಹಸಾಲದ ಕೆಲಸ ನೋಡಿಕೊಂಡಿದ್ದವನು. ಮೇಲಿನ ಉತ್ತರಕ್ಕೆ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ನಿಮ್ಮಿಬ್ಬರ ಒಪ್ಪಂದಕ್ಕೆ ಬ್ಯಾಂಕ್ ಬದ್ಧವಲ್ಲ. ಕಂತನ್ನು ಗಂಡನೇ ಕಟ್ಟತಕ್ಕದ್ದೆಂದು ಡಿಕ್ರಿಯಲ್ಲಿ ಬರೆದಿದ್ದರೂ, ಅವರು ತಪ್ಪಿಸಿದರೆ ನೋಟಿಸು ಸಹ ಸಾಲಗಾರರಾದ ನಿಮಗೂ ಬರುತ್ತದೆ, ನಿಮ್ಮ ಸಿಬಿಲ್ ಅಂಕವೂ ಕುಸಿಯುತ್ತದೆ. ಫ್ಲ್ಯಾಟ್ ನಿಮ್ಮ ಹೆಸರಿಗೆ ಬಂದ ಮೇಲೆ ಸಾಲವನ್ನು ನಿಮ್ಮೊಬ್ಬರ ಹೆಸರಿಗೆ ಮಾಡಬೇಕೆಂದರೆ ಬ್ಯಾಂಕ್ ನಿಮ್ಮ ಸಂಬಳವನ್ನೇ ನೋಡುತ್ತದೆ. ಶಿಕ್ಷಕಿಯ ಸಂಬಳಕ್ಕೆ ಆ ಸಾಲ ಹೊಂದದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ. ಹಾಗಾದರೆ ನಿಮಗೆ ಕೊಡಲು ಹೊರಟಿರುವುದು ಮನೆಗಿಂತ ಹೆಚ್ಚಾಗಿ ಸಾಲವೇ ಆಗಬಹುದು. ಇಂದಿನ ಬೆಲೆಯಿಂದ ಬಾಕಿ ಸಾಲವನ್ನು ಕಳೆದು ಉಳಿಯುವುದೆಷ್ಟು ಎಂದು ನೋಡಿದ ನಂತರವೇ ಮಾತಿಗೆ ಕೂರಿ.

ಅವರು ಪಾಲು ಬಿಡುವುದಾದರೆ ಉಪನೋಂದಣಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಬೇಕು, ಅದಕ್ಕೆ ಬ್ಯಾಂಕಿನ ಒಪ್ಪಿಗೆ ಬೇಕು, ಆಮೇಲೆ ಖಾತಾ ಬದಲಾಗಬೇಕು. ಕುಟುಂಬದವರ ನಡುವಿನ ಇಂಥ ಪತ್ರಕ್ಕೆ ಮುದ್ರಾಂಕ ಶುಲ್ಕದಲ್ಲಿ ರಿಯಾಯಿತಿ ಇರುವುದರಿಂದ, ಡಿಕ್ರಿಗೆ ಮುಂಚೆಯೇ ಮಾಡಿಸುವುದು ಲೇಸು.

ಉತ್ತರ: ಮಲೆನಾಡಿನ ತಾಯಿ

ನಾನು ಈ ದಾರಿಯಲ್ಲಿ ನಡೆದವಳು. ಮಗಳ ಖರ್ಚನ್ನು ಒಂದು ಮೊತ್ತವಾಗಿ ಊಹಿಸಬೇಡಿ, ಬಿಡಿಬಿಡಿಯಾಗಿ ಬರೆಯಿರಿ: ಶಾಲಾ ಶುಲ್ಕ, ವಾಹನ, ಪುಸ್ತಕ, ಔಷಧ, ವಿಮೆ, ಮುಂದೆ ಕಾಲೇಜು. ಪ್ರತಿ ವರ್ಷ ಇಂತಿಷ್ಟು ಏರಬೇಕೆಂಬ ಷರತ್ತೂ ಇರಲಿ. ಎರಡನೆಯ ತರಗತಿಯಲ್ಲಿ ಸಾಕಾಗುವ ಹಣ ಹತ್ತನೆಯ ತರಗತಿಗೆ ಸಾಲುವುದಿಲ್ಲ. ರಜೆಯಲ್ಲಿ ಅವಳು ಯಾರ ಬಳಿ, ವಾರದಲ್ಲಿ ಯಾವ ದಿನ ಅಪ್ಪನ ಭೇಟಿ, ಪಾಸ್‌ಪೋರ್ಟಿಗೆ ಯಾರ ಸಹಿ ಎಂಬುದನ್ನೂ ಬರೆಸಿ. ಅಪ್ಪನ ಭೇಟಿಯನ್ನು ಮಾತ್ರ ಹಣದೊಂದಿಗೆ ಗಂಟು ಹಾಕಬೇಡಿ. ಒಂದು ತಿಂಗಳ ಹಣ ಬರಲಿಲ್ಲವೆಂದು ಮಗುವನ್ನು ಕಳುಹಿಸದಿದ್ದರೆ ನೋಯುವುದು ಮಗು.

ವರದಾತೀರ

ಎಲ್ಲರಿಗೂ ಕೃತಜ್ಞತೆಗಳು. ಸಾಲದ ಲೆಕ್ಕವನ್ನು ನಾನು ಯೋಚಿಸಿರಲೇ ಇಲ್ಲ. ಇನ್ನೆರಡು ಸಂದೇಹಗಳಿವೆ. ಒಪ್ಪಂದ ಮುರಿದುಬಿದ್ದು ನ್ಯಾಯಾಲಯವೇ ತೀರ್ಮಾನಿಸಬೇಕಾದರೆ ಮಗಳಿಗೆ ಎಷ್ಟು ಸಿಗಬಹುದು? ಜಮೀನಿನಲ್ಲಿ ಅವಳಿಗೆ ಏನಾದರೂ ಇದೆಯೇ?

ಉತ್ತರ: ಧಾರವಾಡದ ವಕೀಲ

ನಿಗದಿತ ಸೂತ್ರವಿಲ್ಲ. ಪತ್ನಿಗೆ ನಿವ್ವಳ ಸಂಬಳದ ಶೇಕಡಾ 25 ನ್ಯಾಯೋಚಿತವೆಂದು ಸುಪ್ರೀಂ ಕೋರ್ಟ್ 2017ರ ಒಂದು ಪ್ರಕರಣದಲ್ಲಿ ಹೇಳಿದ್ದನ್ನು ಜನ ನಿಯಮದಂತೆ ಉಲ್ಲೇಖಿಸುತ್ತಾರೆ, ಅದು ನಿಯಮವಲ್ಲ. ಹೆಚ್ಚು ಉಪಯುಕ್ತವಾದದ್ದು 2020ರ ರಜನೇಶ್ ವಿರುದ್ಧ ನೇಹಾ ತೀರ್ಪು. ಅದರಂತೆ ಇಬ್ಬರೂ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣಪತ್ರದಲ್ಲಿ ಬಹಿರಂಗಪಡಿಸಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು, ತಾಯಿಯೂ ಸಾಕಷ್ಟು ದುಡಿಯುತ್ತಿದ್ದರೆ ಮಗುವಿನ ಖರ್ಚನ್ನು ಇಬ್ಬರೂ ಆದಾಯಕ್ಕೆ ತಕ್ಕಂತೆ ಹಂಚಿಕೊಳ್ಳಬಹುದು. ನಿಮ್ಮ ಸಣ್ಣ ಸಂಬಳ ಮಗಳ ಹಕ್ಕನ್ನು ಅಳಿಸುವುದಿಲ್ಲ. ಜೀವನಾಂಶ ಕೇಳಲು ಬಳಸುತ್ತಿದ್ದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ಜಾರಿಯಲ್ಲಿದೆ. ಅದರಡಿ ಆದ ಆದೇಶದ ಬಾಕಿಯನ್ನು ವಸೂಲಿ ಮಾಡಲು, ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಈ ಗಡುವು ಕೈತಪ್ಪಿ ನಷ್ಟ ಅನುಭವಿಸಿದವರು ಬಹಳ.

ಜಮೀನಿನಲ್ಲಿ ನಿಮಗೆ ಪಾಲಿಲ್ಲ, ಮಗಳಿಗೆ ಇರಬಹುದು. ಅದು ಅವಿಭಕ್ತ ಕುಟುಂಬದ ಪಿತ್ರಾರ್ಜಿತವೇ ಆಗಿದ್ದರೆ, 2005ರ ತಿದ್ದುಪಡಿಯಂತೆ ಮಗಳು ಹುಟ್ಟಿನಿಂದಲೇ ಮಗನಷ್ಟೇ ಹಕ್ಕುದಾರಳು, ಮತ್ತು ತಂದೆ ತಾಯಿಯ ವಿಚ್ಛೇದನದಿಂದ ಅದು ಅಲುಗುವುದಿಲ್ಲ. ಆದರೆ ಹಳ್ಳಿಯಲ್ಲಿ ಪಿತ್ರಾರ್ಜಿತ ಎನ್ನುವುದೆಲ್ಲವೂ ಕಾನೂನಿನ ದೃಷ್ಟಿಯಲ್ಲಿ ಹಾಗಿರುವುದಿಲ್ಲ. 1956ರ ನಂತರ ತಂದೆ ತೀರಿಕೊಂಡು ವಾರಸಿಕೆಯಿಂದ ಮಗನಿಗೆ ಬಂದದ್ದು ಸಾಮಾನ್ಯವಾಗಿ ಅವನ ಸ್ವಂತದ್ದಾಗುತ್ತದೆ. ಪಹಣಿ ಮತ್ತು ಹಕ್ಕು ಬದಲಾವಣೆಯ ದಾಖಲೆಗಳನ್ನು ತೆಗೆಸಿ ವಕೀಲರಿಗೆ ತೋರಿಸಿ. ಶುಲ್ಕದ ಚಿಂತೆ ಇದ್ದರೆ, ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಒಪ್ಪಂದದ ಕರಡು ಕೈಗೆ ಬಂದಾಗ, ಮಗಳ ಹೆಸರು ಬರುವ ಪ್ರತಿಯೊಂದು ಸಾಲನ್ನೂ ನಿಮ್ಮ ವಕೀಲರ ಮುಂದೆ ಓದಿಸಿ, ಆಮೇಲೆ ಸಹಿಯ ಮಾತು.