ಕನ್ನಡ ಮಾಧ್ಯಮ ಪ್ರೌಢಶಾಲೆಯ ವಾರ್ಷಿಕೋತ್ಸವಕ್ಕೆ ಯಕ್ಷಗಾನವೇ ಆಗಬೇಕೇ?

ಪ್ರಶ್ನೆ: ಕನ್ನಡ ಟೀಚರ್, ಮುಂಬಯಿ

ಎಲ್ಲರಿಗೂ ನಮಸ್ಕಾರ. ಹಾರ್ಬರ್ ರೈಲು ಮಾರ್ಗದ ಬದಿಯಲ್ಲಿರುವ ಕನ್ನಡ ಮಾಧ್ಯಮದ ಒಂದು ಪ್ರೌಢಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತೇನೆ. ಈ ವರ್ಷ ಸಾಂಸ್ಕೃತಿಕ ಸಮಿತಿಯ ಹೊಣೆ ನನ್ನ ಮೇಲೆ ಬಿದ್ದಿದೆ. ವಾರ್ಷಿಕೋತ್ಸವ ಡಿಸೆಂಬರ್ ಕೊನೆಗೆ ನಡೆಯುತ್ತದೆ. ಆಡಳಿತ ಮಂಡಳಿಯ ಹಿರಿಯರಿಗೆ ಮಕ್ಕಳ ಯಕ್ಷಗಾನವನ್ನೇ ನೋಡಬೇಕೆಂಬ ಆಸೆ. ಹಿಂದೆಲ್ಲ ಅದು ಚೆನ್ನಾಗಿಯೇ ನಡೆದಿತ್ತಂತೆ.

ನನ್ನ ತೊಡಕು ಬೇರೆ. ಹಿಂದೆ ಶಾಲೆಯ ಮಕ್ಕಳೆಲ್ಲ ಬಹುಪಾಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವ ಕರಾವಳಿಯವರ ಮಕ್ಕಳಾಗಿದ್ದರು. ಈಗ ಅವರ ಸಂಖ್ಯೆ ಕಡಿಮೆಯಾಗಿ, ಕಟ್ಟಡದ ಕೆಲಸಕ್ಕೆ ಬಂದ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯ ಮನೆಗಳ ಮಕ್ಕಳೇ ಅರ್ಧಕ್ಕಿಂತ ಹೆಚ್ಚಿದ್ದಾರೆ. ಅವರು ಯಕ್ಷಗಾನ ನೋಡಿದವರೇ ಅಲ್ಲ. ಕಳೆದ ವರ್ಷ ಈ ಮಕ್ಕಳಿಗೆಲ್ಲ ಸಿನಿಮಾ ಹಾಡಿನ ಕುಣಿತದ ಕೊನೆಯ ಸಾಲು ಸಿಕ್ಕಿತೇ ಹೊರತು ಬಾಯಿ ತೆರೆದು ಮಾತಾಡುವ ಪಾತ್ರ ಒಬ್ಬರಿಗೂ ಸಿಗಲಿಲ್ಲ.

ಇನ್ನೊಂದು ತೊಡಕು ವೇಳೆಯದು. ಅಕ್ಟೋಬರಿನಲ್ಲಿ ಮೊದಲ ಸತ್ರದ (ಅರ್ಧವಾರ್ಷಿಕ) ಪರೀಕ್ಷೆ, ಆಮೇಲೆ ದೀಪಾವಳಿ ರಜೆ. ರಜೆ ಮುಗಿಯುತ್ತಲೇ ವಿಜ್ಞಾನ ಪ್ರದರ್ಶನ ಮತ್ತು ಕ್ರೀಡಾಕೂಟ ಒಟ್ಟೊಟ್ಟಿಗೆ ಬರುತ್ತವೆ. ವಿಜ್ಞಾನ ಮಂಡಳಿಯ ಹುಡುಗರನ್ನೇ ನಾಟಕಕ್ಕೂ ಕರೆಯಬೇಕಾಗುತ್ತದೆ, ಏಕೆಂದರೆ ಮಾತಾಡಬಲ್ಲವರು ಅವರೇ ಎಂದು ನಾವೆಲ್ಲ ತೀರ್ಮಾನಿಸಿಬಿಟ್ಟಿದ್ದೇವೆ. ನಮ್ಮ ಕಟ್ಟಡದಲ್ಲಿ ಎರಡು ಪಾಳಿ ನಡೆಯುವುದರಿಂದ ಶಾಲೆ ಬಿಟ್ಟ ಮೇಲೆ ಅಭ್ಯಾಸಕ್ಕೆ ಕೋಣೆ ಸಿಗುವುದಿಲ್ಲ. ಇಂಥಲ್ಲಿ ಏನು ಮಾಡಿಸಬಹುದು? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಮುಖ್ಯೋಪಾಧ್ಯಾಯ, ಮುಲುಂಡ್

ಟೀಚರ್, ನೀವು ಡಿಸೆಂಬರಿನಿಂದ ಹಿಂದಕ್ಕೆ ಲೆಕ್ಕ ಹಾಕುತ್ತಿದ್ದೀರಿ. ಜೂನಿನಿಂದ ಮುಂದಕ್ಕೆ ಹಾಕಿ ನೋಡಿ. ಮಹಾರಾಷ್ಟ್ರದಲ್ಲಿ ಶಾಲೆ ತೆರೆಯುವುದು ಜೂನ್ ಮಧ್ಯದಲ್ಲಿ. ಅಲ್ಲಿಂದ ಗಣೇಶೋತ್ಸವದ ರಜೆಯವರೆಗಿನ ಮಳೆಗಾಲದಲ್ಲಿ ಮೈದಾನದ ಆಟ ಹೇಗೂ ನಡೆಯುವುದಿಲ್ಲ; ಪಿ.ಟಿ. ಪಿರಿಯಡ್‌ಗಳಲ್ಲಿ ಮಕ್ಕಳು ತರಗತಿಯಲ್ಲೇ ಕುಳಿತು ಗದ್ದಲ ಮಾಡುತ್ತಾರೆ. ಆ ಪಿರಿಯಡ್‌ಗಳನ್ನು ದೈಹಿಕ ಶಿಕ್ಷಕರ ಕೈಕಾಲು ಹಿಡಿದಾದರೂ ಪಡೆದುಕೊಳ್ಳಿ. ಮುಂದಿನ ವರ್ಷ ಹಾಗೆ ಮಾಡಬಹುದು. ಈ ವರ್ಷಕ್ಕೆ ಶನಿವಾರದ ಅರ್ಧ ದಿನವನ್ನು ನೆಚ್ಚಿಕೊಳ್ಳಬೇಕು.

ಭಾಷಣ ಸ್ಪರ್ಧೆ, ಭಿತ್ತಿಪತ್ರಿಕೆ, ವಾಚನ ಕೂಟ, ವಾರ್ಷಿಕೋತ್ಸವದ ನಾಟಕ, ಇವನ್ನೆಲ್ಲ ನಾವು ಬೇರೆ ಬೇರೆ ಎಂದುಕೊಂಡು ಬೇರೆ ಬೇರೆ ಶಿಕ್ಷಕರಿಗೆ ಹಂಚಿಬಿಡುತ್ತೇವೆ. ನನ್ನ ಶಾಲೆಯಲ್ಲಿ ಭಿತ್ತಿಪತ್ರಿಕೆಗೆ ಮಕ್ಕಳು ಬರೆದದ್ದನ್ನೇ ವಾರದ ಕೊನೆಯಲ್ಲಿ ಗಟ್ಟಿಯಾಗಿ ಓದಿಸುತ್ತಿದ್ದೆವು. ಯಾರ ದನಿ ಹಿಂದಿನ ಬೆಂಚಿನವರೆಗೆ ಮುಟ್ಟುತ್ತದೆ ಎಂಬುದು ಅಲ್ಲಿಯೇ ಗೊತ್ತಾಗುತ್ತಿತ್ತು. ಹಾಗೆ ಗೊತ್ತಾದವರಲ್ಲಿ ಹಲವರು ಪರೀಕ್ಷೆಯಲ್ಲಿ ಹಿಂದೆ ಬಿದ್ದವರಾಗಿದ್ದರು ಎಂಬುದನ್ನು ನಿಮ್ಮ ವಿಜ್ಞಾನ ಮಂಡಳಿಯ ಮಾತಿಗೆ ಉತ್ತರವಾಗಿ ಹೇಳುತ್ತಿದ್ದೇನೆ.

ಬಯಲಿನಲ್ಲಿ ಕಾರ್ಯಕ್ರಮ ಮಾಡುವುದಾದರೆ ರಾತ್ರಿ 10 ಗಂಟೆಗೆ ಧ್ವನಿವರ್ಧಕ ನಿಲ್ಲಿಸಲೇಬೇಕು. 2000ದ ಶಬ್ದಮಾಲಿನ್ಯ ನಿಯಮದಲ್ಲಿಯೇ ಅದು ಇದೆ. ಅತಿಥಿಗಳ ಭಾಷಣ, ಬಹುಮಾನ ವಿತರಣೆ ಮುಗಿಯುವಾಗ ಒಂಬತ್ತು ದಾಟಿ, ವರ್ಷವಿಡೀ ಕಲಿತ ಮಕ್ಕಳು ತಮ್ಮ ಪಾಲಿನ ಅರ್ಧವನ್ನೂ ಆಡದೆ ಪರದೆ ಎಳೆದದ್ದನ್ನು ನಾನು ಕಂಡಿದ್ದೇನೆ. ಮಕ್ಕಳ ಮುಖ್ಯ ಪ್ರದರ್ಶನ ಮೊದಲು, ಭಾಷಣ ಆಮೇಲೆ ಎಂದು ಈಗಲೇ ಮಂಡಳಿಯಿಂದ ಒಪ್ಪಿಗೆ ಪಡೆಯಿರಿ. ಮುನಿಸಿಕೊಳ್ಳುವವರು ಮುನಿಸಿಕೊಳ್ಳಲಿ.

ಉತ್ತರ: ಹವ್ಯಾಸಿ ವೇಷಧಾರಿ, ಘಾಟ್ಕೋಪರ್

ನಾನು ಯಕ್ಷಗಾನದವನು. ಆದರೂ ಈ ವರ್ಷ ನಿಮ್ಮ ಶಾಲೆಯಲ್ಲಿ ಪೂರ್ಣ ವೇಷದ ಯಕ್ಷಗಾನ ಬೇಡ ಎನ್ನುತ್ತೇನೆ. ಹೆಜ್ಜೆ, ತಾಳ ಕೂಡುವುದಕ್ಕೇ ತಿಂಗಳುಗಳು ಬೇಕು. ವೇಷಭೂಷಣ ಬಾಡಿಗೆಗೆ ತರಬೇಕು, ಬಣ್ಣ ಹಾಕುವವರನ್ನು ಕರೆಸಬೇಕು, ಭಾಗವತರು, ಚೆಂಡೆ, ಮದ್ದಳೆಯವರಿಗೆ ಸಂಭಾವನೆ ಕೊಡಬೇಕು. ಇಷ್ಟೆಲ್ಲ ಖರ್ಚು ಮಾಡಿದರೂ ಏಳೆಂಟು ಮಕ್ಕಳಷ್ಟೇ ರಂಗಕ್ಕೆ ಬರುತ್ತಾರೆ. ಮಧ್ಯಾಹ್ನವೇ ಚೌಕಿಯಲ್ಲಿ (ಬಣ್ಣದ ಕೋಣೆಯಲ್ಲಿ) ಕುಳಿತ ಮಗು ಕಿರೀಟ ಬಿಗಿದ ಮೇಲೆ ಕತ್ತು ತಿರುಗಿಸಲಾರದು, ಸೊಂಟಪಟ್ಟಿ ಬಿಗಿದ ಮೇಲೆ ಊಟ ಮಾಡಲಾರದು. ಅದಕ್ಕೂ ಅಭ್ಯಾಸ ಬೇಕು. ಒಮ್ಮೆಯೂ ಕಟ್ಟಿ ನೋಡದೆ ನೇರ ರಂಗಕ್ಕೆ ಬಿಟ್ಟರೆ ಹುಡುಗ ಮಾತು ಮರೆತು ಕಿರೀಟವನ್ನೇ ಹಿಡಿದುಕೊಂಡು ನಿಲ್ಲುತ್ತಾನೆ.

ಮಂಡಳಿಯ ಹಿರಿಯರಿಗೆ ಸಮಾಧಾನವೂ ಆಗಬೇಕು, ಮಕ್ಕಳಿಗೆ ಮಾತೂ ಬರಬೇಕು ಎಂದಾದರೆ ತಾಳಮದ್ದಳೆಯನ್ನು ಯೋಚಿಸಿ. ಅದೂ ಯಕ್ಷಗಾನದ್ದೇ ಒಂದು ರೂಪ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಎದುರುಬದುರು ಕುಳಿತ ಅರ್ಥಧಾರಿಗಳು ಆ ಪದವನ್ನು ಹಿಡಿದು ತಮ್ಮ ಮಾತಿನಲ್ಲಿ ವಾದ ಬೆಳೆಸುತ್ತಾರೆ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ‘ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ’ ಎಂದು ಕೇಳುವ ಸಂದರ್ಭವನ್ನೇ ತೆಗೆದುಕೊಳ್ಳಿ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಈ ಪ್ರಶ್ನೆ ಅರ್ಥವಾಗುತ್ತದೆ, ಉತ್ತರವನ್ನು ಅವರೇ ಹುಡುಕುತ್ತಾರೆ. ಸಾಲುಗಳನ್ನು ಬರೆದುಕೊಟ್ಟು ಬಾಯಿಪಾಠ ಮಾಡಿಸಬೇಡಿ. ವಾದದ ಎಳೆಗಳನ್ನಷ್ಟೇ ಕೊಡಿ. ಅಭ್ಯಾಸಕ್ಕೆ ಒಂದು ಜಮಖಾನೆ ಹಾಸುವಷ್ಟು ಜಾಗ ಸಾಕು, ಮೆಟ್ಟಿಲ ಕೆಳಗೂ ಆಗುತ್ತದೆ.

ಉತ್ತರ: ವಿಜಯಪುರದವನು, ಮಾನ್‌ಖುರ್ದ್

ಘಾಟ್ಕೋಪರಿನ ಸರ್ ಹೇಳಿದ್ದು ಸರಿಯಾಗಿದೆ, ಆದರೆ ಟೀಚರ್ ಕೇಳಿದ ಪ್ರಶ್ನೆಯ ಅರ್ಧಕ್ಕೆ ಮಾತ್ರ ಅದು ಉತ್ತರ. ತಾಳಮದ್ದಳೆಯ ಭಾಷೆ ಕರಾವಳಿಯ ಮಕ್ಕಳಿಗೆ ಕಿವಿಯ ಮೇಲೆ ಬಿದ್ದಿರುತ್ತದೆ. ನಮ್ಮ ಕಡೆಯ ಮಕ್ಕಳು ಅಲ್ಲಿಯೂ ಮೂಲೆಯಲ್ಲಿ ಕುಳಿತು ತಾಳ ಹಾಕಬೇಕಾದೀತು.

ನಮ್ಮಲ್ಲಿ ಗೀಗೀ ಪದ ಇದೆ. ಮುಖ್ಯ ಹಾಡುಗಾರ ದಪ್ಪು ಎಂಬ ಚರ್ಮವಾದ್ಯ ಹಿಡಿದು ಹಾಡುತ್ತಾನೆ, ಹಿಮ್ಮೇಳದವರು ಒಂಟಿ ತಂತಿಯ ತುಂತುಣಿ, ತಾಳ ಹಿಡಿದು ಪ್ರತಿ ನುಡಿಯ ಕೊನೆಗೆ ‘ಗೀ ಗೀ’ ಎಂದು ಎತ್ತಿಕೊಳ್ಳುತ್ತಾರೆ. ಅದರಲ್ಲಿ ಹರದೇಶಿ, ನಾಗೇಶಿ ಎಂಬ ಎರಡು ಪಂಗಡಗಳಿವೆ. ಹರದೇಶಿಯವರು ಗಂಡು ಹೆಚ್ಚೆಂದು, ನಾಗೇಶಿಯವರು ಹೆಣ್ಣು ಹೆಚ್ಚೆಂದು ಹಾಡಿನಲ್ಲಿಯೇ ಸವಾಲು ಹಾಕುತ್ತಾರೆ, ಇನ್ನೊಬ್ಬರು ಹಾಡಿನಲ್ಲಿಯೇ ಜವಾಬು ಕೊಡಬೇಕು. ಇದೂ ವಾದವೇ ಅಲ್ಲವೇ? ಹುಡುಗರದೊಂದು, ಹುಡುಗಿಯರದೊಂದು ಮೇಳ ಕಟ್ಟಿದರೆ ಇಪ್ಪತ್ತು ಮಕ್ಕಳು ಸಲೀಸಾಗಿ ರಂಗದ ಮೇಲಿರುತ್ತಾರೆ. ವಿಷಯ ಹಳೆಯದೇ ಆಗಬೇಕೆಂದಿಲ್ಲ. ನಲ್ಲಿಯ ಮುಂದಿನ ಸಾಲಿನಲ್ಲಿ ಯಾರು ನಿಲ್ಲಬೇಕು, ಮನೆಯಲ್ಲಿ ತಮ್ಮನನ್ನು ಯಾರು ನೋಡಿಕೊಳ್ಳಬೇಕು ಎಂಬುದರ ಮೇಲೆಯೇ ನಮ್ಮ ಹುಡುಗಿಯರು ಸವಾಲು ಕಟ್ಟಿ ಹಾಡಿಯಾರು.

ಮುಂಬಯಿಯಲ್ಲಿ ಇದಕ್ಕೆ ಇನ್ನೊಂದು ಅನುಕೂಲ ಇದೆ. ಪದ ಕಟ್ಟಿ ಹಾಡುವ ಮರಾಠಿ ಶಾಹೀರರ ಕೈಯಲ್ಲಿರುವುದೂ ಡಫು, ತುಣತುಣೆಗಳೇ, ಅವರಲ್ಲಿಯೂ ಕಲ್ಗಿ-ತುರಾ ಎಂಬ ಸವಾಲು-ಜವಾಬಿನ ಪದ್ಧತಿ ಇದೆ. ಅಣ್ಣಾಭಾವು ಸಾಠೆ, ಅಮರ ಶೇಖ್ ಅವರಂಥ ಶಾಹೀರರು ಹಾಡಿದ ಊರು ಇದು. ನಿಮ್ಮ ಶಾಲೆಯ ಮರಾಠಿ ಶಿಕ್ಷಕರನ್ನು ಕೇಳಿದರೆ ವಾದ್ಯವೂ ಸಿಕ್ಕೀತು, ಒಂದು ನುಡಿ ಮರಾಠಿಯಲ್ಲಿಯೂ ಸೇರೀತು. ಪಾಲಕರ ಪೈಕಿ ಹಾಡುವವರು ಇದ್ದೇ ಇರುತ್ತಾರೆ. ಆದರೆ ಅವರನ್ನು ಪಾಲಕರ ಸಭೆಗೆ ಕೆಲಸದ ದಿನ ಕರೆಯಬೇಡಿ, ಒಂದು ದಿನದ ಪಗಾರ ಹೋಗುತ್ತದೆ. ಭಾನುವಾರ ಸಂಜೆ ಕರೆಯಿರಿ.

ಉತ್ತರ: ಹತ್ತನೆಯ ತರಗತಿಯ ವಿದ್ಯಾರ್ಥಿನಿಯ ತಾಯಿ, ಡೊಂಬಿವಿಲಿ

ನಿಮ್ಮೆಲ್ಲರ ಉತ್ಸಾಹದ ನಡುವೆ ಒಂದು ಮಾತು. ಹತ್ತನೆಯವರಿಗೆ ಜನವರಿಯಲ್ಲಿ ಪೂರ್ವಭಾವಿ ಪರೀಕ್ಷೆ, ಅದರ ಬೆನ್ನಿಗೇ ಬೋರ್ಡ್ ಪರೀಕ್ಷೆ ಬರುತ್ತದೆ. ಅವರನ್ನು ದಯವಿಟ್ಟು ನಿರೂಪಣೆಯಂಥ ಸಣ್ಣ ಕೆಲಸಕ್ಕೆ ಮಾತ್ರ ಇರಿಸಿಕೊಳ್ಳಿ. ಎಂಟು, ಒಂಬತ್ತನೆಯವರೇ ಮುಖ್ಯ ಪಾತ್ರದಲ್ಲಿರಲಿ.

ಕಲೆಗೆ ಎಸ್.ಎಸ್.ಸಿ.ಯಲ್ಲಿ (ಹತ್ತನೆಯ ಬೋರ್ಡ್ ಪರೀಕ್ಷೆಯಲ್ಲಿ) ಹೆಚ್ಚುವರಿ ಅಂಕ ಸಿಗುತ್ತದೆ ಎಂದು ಮಕ್ಕಳಿಗೆ ಆಸೆ ಹುಟ್ಟಿಸುವುದನ್ನೂ ನೋಡಿದ್ದೇನೆ. ಶಾಸ್ತ್ರೀಯ ಕಲೆ, ಜಾನಪದ ಕಲೆ, ಚಿತ್ರಕಲೆಗಳಿಗೆ ಅಂಥ ಅಂಕ ಇರುವುದು ನಿಜ, ಆದರೆ ಅದಕ್ಕೆ ಪರೀಕ್ಷಾ ಮಂಡಳಿ ಒಪ್ಪುವ ಪ್ರಮಾಣಪತ್ರ ಬೇಕು. ಶಾಲೆಯ ವಾರ್ಷಿಕೋತ್ಸವದಲ್ಲಿ ಹಾಡಿದ ಮಾತ್ರಕ್ಕೆ ಅದು ಬರುವುದಿಲ್ಲ. ಅಂಕ ಬೇಕೆನ್ನುವವರಿಗೆ ರಾಜ್ಯ ಸರ್ಕಾರದ ಕಲಾ ಸಂಚಾಲನಾಲಯ ನಡೆಸುವ ಚಿತ್ರಕಲೆಯ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಪರೀಕ್ಷೆಗಳಿಗೆ ಮೊದಲೇ ಕೂರಿಸುವುದು ನೇರವಾದ ದಾರಿ. ಹಾಡುವವರು ಹಾಡಿನ ಖುಷಿಗೆ ಹಾಡಲಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ಮುಖ್ಯೋಪಾಧ್ಯಾಯರ ಜೊತೆ ಮಾತಾಡಿದೆ. ವಾಲಿ-ರಾಮರ ವಾದವನ್ನು ಸಣ್ಣ ತಾಳಮದ್ದಳೆಯಾಗಿಯೂ, ಅದರ ಬೆನ್ನಿಗೇ ಸವಾಲು-ಜವಾಬಿನ ಗೀಗೀ ಮೇಳವನ್ನೂ ಇರಿಸಿಕೊಳ್ಳುವುದೆಂದು ಆಗಿದೆ. ಭಾಷಣಗಳನ್ನು ಕೊನೆಗೆ ಹಾಕುವ ಮಾತಿಗೆ ಮಂಡಳಿ ಇನ್ನೂ ಒಪ್ಪಿಲ್ಲ. ಎರಡು ಪ್ರದರ್ಶನಗಳ ನಡುವೆ ಬಹುಮಾನ ವಿತರಣೆ ಇರಲಿ ಎನ್ನುತ್ತಿದ್ದಾರೆ, ಅಷ್ಟಕ್ಕೆ ನಾನು ಹೂಂ ಎಂದಿದ್ದೇನೆ. ಮಾನ್‌ಖುರ್ದಿನ ಅಣ್ಣನವರೇ, ತುಂತುಣಿ ನುಡಿಸಲು ಕಲಿಸುವವರು ನಿಮಗೆ ಗೊತ್ತಿದ್ದರೆ ಭಾನುವಾರ ಸಂಜೆ ಶಾಲೆಗೆ ಕರೆತರಲು ಸಾಧ್ಯವೇ? ಗೇಟಿನ ಬೀಗ ತೆಗೆಸುವ ಹೊಣೆ ನನ್ನದು.