ಬಸ್ ಕೊಳ್ಳಲು ಅನುದಾನವಿದೆ, ಓಡಿಸಲು ಇಲ್ಲ: ಲೆಕ್ಕ ಎಲ್ಲಿ ಬದಲಾಗಬೇಕು?

ಪ್ರಶ್ನೆ:
ನಗರ ಸಾರಿಗೆಗೆ ಸರ್ಕಾರದ ಹಣ ಹೆಚ್ಚಾಗಿ ಹೊಸ ಬಸ್, ನಿಲ್ದಾಣ, ಡಿಪೊಗಳ ಹೆಸರಿನಲ್ಲಿ ಬರುತ್ತದೆ. ಸಂಬಳ, ಇಂಧನ, ಟೈರಿಗೆ ಟಿಕೆಟ್ ಹಣ ಸಾಲದಿದ್ದರೆ ವರ್ಷದ ಕೊನೆಗೆ ‘ನಷ್ಟ ತುಂಬಿಕೊಡಿ’ ಎಂದು ಕಡತ ಹೊರಡುತ್ತದೆ. ಎಷ್ಟು ಬಂದೀತು, ಯಾವಾಗ ಬಂದೀತು ಯಾರಿಗೂ ಗೊತ್ತಿರುವುದಿಲ್ಲ. ಇದನ್ನು ಸುಧಾರಿಸುವುದಾದರೆ ಹಣ ಹಂಚಲು ಅಳತೆ ಯಾವುದು: ಜನಸಂಖ್ಯೆಯೇ, ಪ್ರಯಾಣಿಕರೇ, ಓಡಿದ ಕಿಲೋಮೀಟರೇ? ಹಣದ ಮೂಲ ಯಾವುದು?

ಉತ್ತರ 1:
ಮೊದಲು ಒಂದೇ ಮಾರ್ಗ ಇಟ್ಟುಕೊಂಡು ಲೆಕ್ಕ ಹಾಕಿ. ಹೋಗಿ ಬರಲು, ಕೊನೆ ನಿಲ್ದಾಣದ ವಿರಾಮವೂ ಸೇರಿ, 90 ನಿಮಿಷ ಎನ್ನೋಣ. 15 ನಿಮಿಷಕ್ಕೊಂದು ಬಸ್ ಬೇಕಾದರೆ 6 ಬಸ್ ಓಡಬೇಕು. ದಿನಕ್ಕೆ 16 ಗಂಟೆಯಂತೆ ವಾರಕ್ಕೆ 672 ಗಂಟೆ. ಚಾಲಕರೊಬ್ಬರಿಗೆ ವಾರಕ್ಕೆ 48 ಗಂಟೆ ಎಂದರೆ ನೇರ ಲೆಕ್ಕಕ್ಕೆ 14 ಜನ. ರಜೆ, ಕಾಯಿಲೆ, ತರಬೇತಿ ಸೇರಿಸಿದರೆ 16–17. ರಿಪೇರಿಗೆ ನಿಂತದ್ದರ ಬದಲಿಗೆ ಇನ್ನೊಂದು ಬಸ್. ಇನ್ನು ಅನುದಾನದಲ್ಲಿ 3 ಬಸ್ ಬಂದವು, ಅಂತರ 10 ನಿಮಿಷಕ್ಕೆ ಇಳಿಯಬೇಕು. ಆದರೆ ಹೆಚ್ಚುವರಿ 7–8 ಚಾಲಕರ ಸಂಬಳ ಎಲ್ಲಿಯೂ ಬರೆದಿಲ್ಲ. ಆ 3 ಬಸ್ ಡಿಪೊದಲ್ಲೇ ನಿಲ್ಲುತ್ತವೆ. ಆಮೇಲೆ ಅವುಗಳ ಬಿಡಿಭಾಗ ಬಿಚ್ಚಿ ಉಳಿದವಕ್ಕೆ ಹಾಕುವುದು ಶುರುವಾಗುತ್ತದೆ.

ಆದ್ದರಿಂದ ಅನುದಾನದ ಆದೇಶದಲ್ಲಿ ಬಸ್ಸಿನ ಸಂಖ್ಯೆ ಅಲ್ಲ, ‘ಈ ಮಾರ್ಗದಲ್ಲಿ ಬೆಳಿಗ್ಗೆ ಇಷ್ಟರಿಂದ ರಾತ್ರಿ ಇಷ್ಟರವರೆಗೆ ಇಷ್ಟು ನಿಮಿಷಕ್ಕೊಂದು’ ಎಂದು ಬರೆದು, ಅದಕ್ಕೆ ತಗಲುವ ಪೂರ್ತಿ ವೆಚ್ಚವನ್ನು ಮೂರು ವರ್ಷಕ್ಕೆ ಮೊದಲೇ ಒಪ್ಪಿಕೊಳ್ಳಬೇಕು. ತಿಂಗಳ ಕಂತಿನಲ್ಲಿ ಹಣ ಕೊಡಬೇಕು. ಡೀಸೆಲ್ ಅಥವಾ ವಿದ್ಯುತ್ ದರಕ್ಕೆ ಒಂದು ತೂಕ, ಸಂಬಳಕ್ಕೆ ಇನ್ನೊಂದು ತೂಕ ಕೊಟ್ಟು ದರ ಪರಿಷ್ಕರಿಸಬೇಕು. ಬರೀ ಬೆಲೆ ಸೂಚ್ಯಂಕಕ್ಕೆ ಕಟ್ಟಿದರೆ ಇಂಧನ ಏರಿದ ವರ್ಷ ಟ್ರಿಪ್ ಕಡಿತವಾಗುತ್ತದೆ.

ಇನ್ನೊಂದು ಮಾತು. ವಾಹನ ದಟ್ಟಣೆಯಿಂದ ಅದೇ ಸುತ್ತು 105 ನಿಮಿಷವಾದರೆ ಅದೇ ಸೇವೆಗೆ 7 ಬಸ್ ಬೇಕು. ಹಣವಿಲ್ಲದಿದ್ದರೆ ಅಂತರ ಹದಿನೇಳೂವರೆ ನಿಮಿಷಕ್ಕೆ ಹಿಗ್ಗುತ್ತದೆ. ಪ್ರತ್ಯೇಕ ಬಸ್ ಪಥ ಹಾಕಿ ಆ 15 ನಿಮಿಷ ಉಳಿಸಿದರೆ ಒಂದು ಬಸ್ಸು, ಇಬ್ಬರು ಮೂವರು ಚಾಲಕರ ಸಂಬಳ ಪ್ರತಿ ವರ್ಷ ಉಳಿಯುತ್ತದೆ. ಆದರೆ ಪಥದ ಖರ್ಚು ರಸ್ತೆ ಇಲಾಖೆಯ ಬಜೆಟ್ಟಿನಲ್ಲಿ, ಉಳಿತಾಯ ಸಾರಿಗೆಯ ಬಜೆಟ್ಟಿನಲ್ಲಿ! ಹಾಗಾಗಿ ಯಾರೂ ಹಾಕುವುದಿಲ್ಲ.

ಉತ್ತರ 2:
ಹಂಚಿಕೆಯ ಅಳತೆಯ ಬಗ್ಗೆ. ಜನಸಂಖ್ಯೆ ಮಾತ್ರ ನೋಡಿದರೆ ಬಸ್ಸನ್ನೇ ಓಡಿಸದ ಊರಿಗೂ ಹಣ ಹೋಗುತ್ತದೆ. ಕಿಲೋಮೀಟರ್ ಮಾತ್ರ ನೋಡಿದರೆ ಮಧ್ಯಾಹ್ನ ಖಾಲಿ ಬಸ್ ಓಡುತ್ತವೆ, ಸಂಜೆ ಜನ ಬಾಗಿಲಲ್ಲಿ ಜೋತುಬೀಳುತ್ತಾರೆ. ಡಿಪೊದಿಂದ ಮಾರ್ಗಕ್ಕೆ ಬರುವ ಖಾಲಿ ಓಟವನ್ನೂ ಲೆಕ್ಕಕ್ಕೆ ಸೇರಿಸುವ ಚಾಳಿ ಬೇರೆ. ಪ್ರಯಾಣಿಕರ ಸಂಖ್ಯೆಯಲ್ಲಿ ಇನ್ನೂ ಸೂಕ್ಷ್ಮವಾದ ಮೋಸವಿದೆ: ಬಸ್ ಹತ್ತಿದ್ದನ್ನು ಎಣಿಸಿದರೆ, ನೇರವಾಗಿ ಹೋಗುತ್ತಿದ್ದ ಮಾರ್ಗವನ್ನು ನಡುವೆ ಕತ್ತರಿಸಿ ಎರಡು ಮಾಡಿದರೆ ಸಾಕು, ಅದೇ ಮನುಷ್ಯ ಇಬ್ಬರಾಗುತ್ತಾನೆ. ಜನಕ್ಕೆ ತೊಂದರೆ, ಸಂಸ್ಥೆಗೆ ಹೆಚ್ಚು ಅನುದಾನ. ಹಾಗಾಗಿ ಪೂರ್ತಿ ಪ್ರಯಾಣವನ್ನು ಎಣಿಸಬೇಕು. ಒಂದು ಗಂಟೆಯೊಳಗೆ ಅದೇ ಕಾರ್ಡಿನಿಂದ ಬಸ್ ಬದಲಿಸಿದ್ದನ್ನು ಒಂದೇ ಎಂದು ಹಿಡಿಯುವುದು ಸರಳ ದಾರಿ.

ನನ್ನ ಲೆಕ್ಕದಲ್ಲಿ ಅರ್ಧ ಹಣ ಒಪ್ಪಿದ ಸೇವೆಗೆ, ಉಳಿದರ್ಧ ಪ್ರಯಾಣ ಮತ್ತು ಜನಸಂಖ್ಯೆಗೆ. ಮೂರು ವರ್ಷದ ಸರಾಸರಿ ಹಿಡಿಯಿರಿ, ಒಂದೇ ವರ್ಷದಲ್ಲಿ ಯಾರ ಪಾಲೂ ಶೇ. 5ಕ್ಕಿಂತ ಹೆಚ್ಚು ಕುಸಿಯದಂತೆ ತಡೆ ಇಡಿ.

ಉತ್ತರ 3:
ಮೂಲದ ವಿಷಯ: ಲೀಟರ್ ಲೆಕ್ಕದ ನಿಗದಿತ ಇಂಧನ ತೆರಿಗೆಯನ್ನು ನಂಬಬೇಡಿ. ಅಮೆರಿಕದ ಕೇಂದ್ರ ಪೆಟ್ರೋಲ್ ತೆರಿಗೆ 1993ರಿಂದ ಗ್ಯಾಲನ್‌ಗೆ 18.4 ಸೆಂಟ್‌ನಲ್ಲೇ ನಿಂತಿತು. ಅದರಲ್ಲಿ ಸಮೂಹ ಸಾರಿಗೆಯ ಖಾತೆಗೆ 2.86 ಸೆಂಟ್. ಬೆಲೆ ಏರಿತು, ವಾಹನಗಳು ಕಡಿಮೆ ಕುಡಿಯತೊಡಗಿದವು, ನಿಧಿ ಬತ್ತಿತು. ಫ್ರಾನ್ಸ್‌ನಲ್ಲಿ 1971ರಲ್ಲಿ ಪ್ಯಾರಿಸ್ ಪ್ರದೇಶದಿಂದ ಶುರುವಾದ ತೆರಿಗೆಯನ್ನು ಉದ್ಯೋಗದಾತರು ಸಂಬಳದ ಮೊತ್ತದ ಮೇಲೆ ಕಟ್ಟುತ್ತಾರೆ. ಸಂಬಳ ಏರಿದಂತೆ ಅದೂ ಏರುವುದರಿಂದ ಚಾಲಕರ ಸಂಬಳಕ್ಕೆ ಸರಿಯಾದ ಜೋಡಿ.

ದಟ್ಟಣೆ ಶುಲ್ಕದ, ಅಂದರೆ ನಗರದ ನಡುಭಾಗಕ್ಕೆ ಬರುವ ಕಾರುಗಳಿಂದ ವಸೂಲಿ ಮಾಡುವ ಹಣದ, ಗುಣ ಬೇರೆ. ಲಂಡನ್‌ನಲ್ಲಿ 2003ರಲ್ಲಿ, ಸ್ಟಾಕ್‌ಹೋಮ್‌ನಲ್ಲಿ 2006ರ ಪ್ರಯೋಗದ ನಂತರ 2007ರಲ್ಲಿ ಕಾಯಂ ಆಗಿ ಬಂತು. ಕಾರು ಕಡಿಮೆಯಾದಷ್ಟೂ ಶುಲ್ಕ ಗೆದ್ದಂತೆ, ಆದಾಯ ಸೋತಂತೆ. ಅಂಥ ಹಣವನ್ನು ಪಥ, ಸಿಗ್ನಲ್, ನಿಲ್ದಾಣಕ್ಕೆ ಹಾಕಬಹುದು, ಸಂಬಳಕ್ಕೆ ಕಟ್ಟಬಾರದು. ಟಿಕೆಟ್ಟಿನ ಮೇಲೇ ನಿಂತರೆ ಏನಾಗುತ್ತದೆ ಎಂಬುದು ಕೋವಿಡ್ ಬಂದ 2020ರಲ್ಲಿ ಕಂಡಿತು, ಲಂಡನ್ ಸಾರಿಗೆಯೇ ಸರ್ಕಾರದ ತುರ್ತು ನೆರವು ಕೇಳಬೇಕಾಯಿತು.

ಉತ್ತರ 4:
ಉಚಿತ ಪಾಸ್, ರಿಯಾಯಿತಿಗಳನ್ನು ಈ ಅನುದಾನದ ಜೊತೆ ಕಲಸಬೇಡಿ. ಇಂಗ್ಲೆಂಡಿನ ಹಿರಿಯರ ಉಚಿತ ಪಾಸಿನ ಮರುಪಾವತಿಯಲ್ಲಿ ನಿಯಮ ಸರಳ: ಪಾಸಿನಿಂದ ಬಸ್ ಸಂಸ್ಥೆಗೆ ಲಾಭವೂ ಆಗಬಾರದು, ನಷ್ಟವೂ ಆಗಬಾರದು. ಉಚಿತ ಎಂಬ ಕಾರಣಕ್ಕೇ ಬಂದವರು ಹೇಗೂ ಟಿಕೆಟ್ ಕೊಳ್ಳುತ್ತಿರಲಿಲ್ಲ. ಅವರ ಪೂರ್ತಿ ದರ ಕೊಟ್ಟರೆ ಸರ್ಕಾರಕ್ಕೆ ಹೊರೆ. ಹಾಗೆಂದು ಅವರಿಗಾಗಿ ಬಿಟ್ಟ ಹೆಚ್ಚುವರಿ ಬಸ್ಸಿನ ಖರ್ಚು ಕೊಡದಿದ್ದರೆ ಸಂಸ್ಥೆಗೆ ಪೆಟ್ಟು. ನನ್ನ ಸಲಹೆ: ಅಂದಾಜು ಬಿಲ್ಲಿನ ಶೇ. 90 ಮುಂಗಡ ಕೊಡಿ, ಉಳಿದದ್ದು ತ್ರೈಮಾಸಿಕ ಲೆಕ್ಕ ಮುಗಿದ ಮೇಲೆ. ಬಾಕಿ ಎಳೆದಾಡಿದರೆ ಮೊದಲು ನಿಲ್ಲುವುದು ಸಂಬಳವಲ್ಲ, ಟೈರು ಮತ್ತು ಬ್ರೇಕ್ ಲೈನಿಂಗ್ ಖರೀದಿ.

ಪ್ರಶ್ನೆ ಕೇಳಿದವರು:
ಖಚಿತ ಹಣ ಸಿಕ್ಕರೆ ಸಂಸ್ಥೆ ಸೋಮಾರಿಯಾಗುವುದಿಲ್ಲವೇ?

ಉತ್ತರ 1:
ಆಗುತ್ತದೆ, ಕಡಿತವಿಲ್ಲದಿದ್ದರೆ. ತಪ್ಪಿದ ಟ್ರಿಪ್ಪಿಗೆ ಹಣ ಕೊಡಬೇಡಿ. ಬಸ್ ಪದೇ ಪದೇ ಬರುವ ಮಾರ್ಗಗಳಲ್ಲಿ ವೇಳಾಪಟ್ಟಿಗಿಂತ ಎಷ್ಟು ನಿಮಿಷ ಹೆಚ್ಚು ಕಾಯಬೇಕಾಯಿತು ಎಂಬುದನ್ನು ಜಿಪಿಎಸ್‌ನಿಂದ ಅಳೆಯಿರಿ. 10 ನಿಮಿಷಕ್ಕೊಂದು ಬರಬೇಕಾದ ಎರಡು ಬಸ್ 20 ನಿಮಿಷಕ್ಕೊಮ್ಮೆ ಒಂದರ ಬೆನ್ನಿಗೊಂದು ಬಂದರೆ ಕಿಲೋಮೀಟರ್ ಪೂರ್ತಿ ಇರುತ್ತದೆ, ಸರಾಸರಿ ಕಾಯುವಿಕೆ ಮಾತ್ರ 5ರಿಂದ 10 ನಿಮಿಷಕ್ಕೇರುತ್ತದೆ. ಕಡಿತ ಅಲ್ಲಿ ಬೀಳಬೇಕು. ಆದರೆ ಮೆರವಣಿಗೆ, ಒಡೆದ ನೀರಿನ ಪೈಪಿನಿಂದಾದ ವಿಳಂಬವನ್ನು ಹೊರಗಿಡುವ ನಿಯಮ ಒಪ್ಪಂದದಲ್ಲೇ ಇರಲಿ; ಇಲ್ಲದಿದ್ದರೆ ಪ್ರತಿ ಬಿಲ್ಲೂ ವಾದಕ್ಕೆ ಹೋಗುತ್ತದೆ.