ತೀರಿಹೋದ ಚಿಕ್ಕಪ್ಪನ ಒರಿಗಾಮಿ ಹಾಳೆಗಳು, ಹೇಗೆ ಉಳಿಸೋದು?

ಸಾಗರದ ಹುಡ್ಗ:
ನಮ್ ಚಿಕ್ಕಪ್ಪ ಹೋದ್ವರ್ಷ ತೀರ್ಕೊಂಡ್ರು, ಮೇಷ್ಟ್ರಾಗಿದ್ರು, ರಿಟೈರ್ ಆದ್ಮೇಲೆ ದಿನಾ ಕಾಗದ ಮಡಚೋದೇ ಕೆಲಸ. ಮಂಗಟ್ಟೆ ಹಕ್ಕಿ, ಕಾಡುಕೋಣ, ಏಡಿ ಎಲ್ಲಾ ಅವ್ರೇ ತಲೆ ಓಡ್ಸಿ ಮಾಡಿದ್ದು, ಎಲ್ಲೂ ಪ್ರಿಂಟ್ ಆಗಿಲ್ಲ. ಈಗ ಅಟ್ಟದಲ್ಲಿ ಟ್ರಂಕ್ ಸಿಕ್ಕಿದೆ, ನಾಲ್ಕು ನೋಟ್‌ಬುಕ್ಕು, ಬರೀ ಮಡಿಕೆ ಗೆರೆ ಇರೋ ಹಾಳೆಗಳು, ಒಂದಷ್ಟು ಮಾಡೆಲ್ಲು, ಅರ್ಧಕ್ಕರ್ಧ ಬೂಸ್ಟು. ಝೆರಾಕ್ಸ್ ಅಂಗಡಿಯವ್ನು ಲ್ಯಾಮಿನೇಷನ್ ಮಾಡ್ಸಿ ಅಂದ. ಎಲ್ರಿಗೂ ಫ್ರೀಯಾಗಿ ಸಿಗ್ಲಿ ಅಂತ ಆಸೆ, ಆದ್ರೆ ಯಾರೋ ತಮ್ ಹೆಸ್ರು ಹಾಕ್ಕೊಂಡ್ರೆ?

ಹಳೇಕಾಗದ:
ಲ್ಯಾಮಿನೇಷನ್ ಮಾತ್ರ ಬೇಡ ಮಾರಾಯ್ರೆ, ಒಮ್ಮೆ ಅಂಟಿದ್ರೆ ಬಿಡ್ಸಕ್ಕಾಗಲ್ಲ, ತೇವ ಇದ್ರೆ ಒಳಗೇ ಹಾಳಾಗುತ್ತೆ. ಬೂಸ್ಟು ಹಿಡ್ದಿದ್ದನ್ನ ಬೇರೆ ಇಡಿ, ಬಿಸಿಲಿಗೆ ಹಾಕ್ದೆ ಗಾಳಿಯಾಡೋ ನೆರಳಲ್ಲಿ ಒಣಗ್ಸಿ, ಆಮೇಲೆ ಮಾಸ್ಕ್ ಹಾಕ್ಕೊಂಡು ಜಗಲೀಲಿ ಕೂತು ಮೆತ್ತನೆ ಬ್ರಷ್‌ನಲ್ಲಿ ಒರೆಸಿ. ಸ್ಕ್ಯಾನ್ 600 ಡಿಪಿಐ ಕಲರ್‌ನಲ್ಲೇ ಮಾಡಿ, ಮೊಬೈಲ್ ಆಪ್‌ನ ಕಪ್ಪು ಬಿಳುಪು ಮೋಡಲ್ಲಿ ಪೆನ್ಸಿಲ್ ಗೆರೆ ಹಾರೋಗುತ್ತೆ. ನಮ್ಮಜ್ಜನ ತಾಳಮದ್ದಳೆ ಕೈಬರಹನ ಬೆಚ್ಚಗಿರ್ಲಿ ಅಂತ ಬಚ್ಚಲೊಲೆ ಹತ್ರ ಇಟ್ಟು ಈಗ ಬೀಡಿ ಎಲೆ ಥರ ಆಗಿದೆ.

ಮಡಿಕೆ_ತೀರ್ಥಹಳ್ಳಿ:
ಮಾಡೆಲ್ ಬಿಚ್ಚಿ ನೋಡೋ ಚಪಲ ಬರುತ್ತೆ, ಬಿಚ್ಬೇಡಿ. ಒದ್ದೆ ಮಾಡಿ ಮಡಚಿದ್ದಾದ್ರಂತೂ ಆ ದುಂಡಗಿನ ಆಕಾರ ಮತ್ತೆ ಬರಲ್ಲ. ಎಲ್ಲಾ ಕಡೆಯಿಂದ ಫೋಟೋ ತೆಗೀರಿ. ಗೆರೆ ಹಾಳೇಲಿ ಯಾವ ಮಡಿಕೆ ಮೊದ್ಲು ಅನ್ನೋದು ಇರಲ್ಲ, ಹೊಸ ಕಾಗದದಲ್ಲಿ ಮಡಚಿ ಮಡಚಿ ಸ್ಟೆಪ್ ಬರೀಬೇಕು, ತಿಂಗಳುಗಟ್ಲೆ ಕೆಲಸ. ಜಪಾನಿನ ಒರಿಗಾಮಿ ಕಲಾವಿದ ಅಕಿರಾ ಯೋಶಿಜವಾ (1911-2005) 50,000ಕ್ಕಿಂತ ಜಾಸ್ತಿ ಮಾಡೆಲ್ ಮಾಡಿದ್ದೀನಿ ಅಂದಿದ್ರು, ಚಿತ್ರ ಸಮೇತ ಪುಸ್ತಕದಲ್ಲಿ ಬಂದಿದ್ದು ಕೆಲವು ನೂರು ಅಷ್ಟೇ. ಬಾಣ, ತುಂಡು ಗೆರೆ ಹಾಕಿ ಮಡಿಕೆ ತೋರ್ಸೋ ಪದ್ಧತಿ ಶುರು ಮಾಡಿದ್ದೇ ಅವ್ರು, ಅವ್ರ ಕಥೇನೇ ಹಾಗೆ!
ಇನ್ನೊಂದು, ಬೇಜಾರಾಗ್ಬೇಡಿ, ನೋಟ್‌ಬುಕ್ಕಲ್ಲಿರೋದೆಲ್ಲಾ ಚಿಕ್ಕಪ್ಪಂದೇ ಅನ್ಕೋಬೇಡಿ. ಪುಸ್ತಕ ನೋಡಿ ಕಲ್ತಿದ್ದನ್ನೂ ಬರ್ಕೊಂಡಿರ್ತಾರೆ. ಬೇರೆಯವ್ರದ್ದನ್ನ ಇವ್ರ ಹೆಸ್ರಲ್ಲಿ ಹಾಕಿದ್ರೆ ಮರ್ಯಾದೆ ಹೋಗೋದು ಇವ್ರದ್ದೇ.

ಕೋರ್ಟ್‌ರೋಡ್:
ನಮ್ಮಲ್ಲಿ ಕಾಪಿರೈಟ್ ತೀರ್ಕೊಂಡ್ಮೇಲೂ 60 ವರ್ಷ ಇರುತ್ತೆ, ವಾರಸುದಾರರಿಗೆ ಹೋಗುತ್ತೆ. ಹಾಗಾಗಿ ಮೊದ್ಲು ಚಿಕ್ಕಮ್ಮ, ಅವ್ರ ಮಕ್ಕಳ ಒಪ್ಪಿಗೆ ಬರವಣಿಗೇಲಿ ತಗೊಳ್ಳಿ. ಕ್ರಿಯೇಟಿವ್ ಕಾಮನ್ಸ್ ಅಂತ, ನಮ್ ಕೃತಿನ ಬೇರೆಯವ್ರು ಫ್ರೀಯಾಗಿ ಬಳಸ್ಲಿ ಅಂತ ಕೊಡೋ ರೆಡಿಮೇಡ್ ಲೈಸೆನ್ಸ್‌ಗಳಿವೆ, ಅದ್ರಲ್ಲಿ ಹೆಸ್ರು ಹಾಕ್ಲೇಬೇಕು, ವ್ಯಾಪಾರಕ್ಕಿಲ್ಲ ಅನ್ನೋದೂ ಇದೆ. ಒಮ್ಮೆ ಕೊಟ್ರೆ ವಾಪಸ್ ತಗೊಳ್ಳಕ್ಕಾಗಲ್ಲ, ನೋಡ್ಕೊಂಡು ಹಾಕಿ.

ಸಾಗರದ ಹುಡ್ಗ:
ಚಿಕ್ಕಮ್ಮನ್ನ ಕೇಳ್ದೆ. "ಹಾಕೋ, ಮಕ್ಕಳು ಮಡಚ್ಲಿ, ಏಡಿ ಮಾತ್ರ ಬೇಡ" ಅಂದ್ರು. ಅದು ಯಾವ್ದೋ ಪುಸ್ತಕ ನೋಡಿ ಮಾಡಿದ್ದಂತೆ, ಬರ್ಲಿಲ್ಲ ಅಂತ ಎರಡು ದಿನ ಯಾರ ಹತ್ರಾನೂ ಮಾತಾಡಿರ್ಲಿಲ್ವಂತೆ. ನಾನು ಮೇಲೆ ಅವ್ರದ್ದೇ ಅಂತ ಬರ್ದಿದ್ದೆ, ತಪ್ಪಾಯ್ತು. ಮಂಗಟ್ಟೆಯಿಂದ ಶುರು ಮಾಡ್ತೀನಿ, ತೀರ್ಥಹಳ್ಳಿಯವ್ರೇ, ಸ್ಕ್ಯಾನ್ ಕಳ್ಸಿದ್ರೆ ಮಡಚಿ ನೋಡ್ತೀರಾ?